ವ್ಯೋಮದಲ್ಲಿ ಲಕ್ಸೆಂಬರ್ಗ್: ಸಣ್ಣ ರಾಷ್ಟ್ರವೊಂದರ ಮೂಲಧನದ ಚರಿತ್ರೆ

ಅಂತರಿಕ್ಷವು ಮಹಾಶಕ್ತಿಗಳ ಕ್ಷೇತ್ರವೆಂದೂ, ಸಣ್ಣ ರಾಷ್ಟ್ರಗಳು ಅದರಲ್ಲಿ ಹಣ ತೊಡಗಿಸುವುದು ಕೇವಲ ಪ್ರತಿಷ್ಠೆಯ ಮೋಹದಿಂದಲೆಂದೂ ಬಹುಜನರು ಭಾವಿಸಿರುವುದುಂಟು. ಆದರೆ 2,586 ಚದರ ಕಿಲೋಮೀಟರ್ ವಿಸ್ತೀರ್ಣದ ಲಕ್ಸೆಂಬರ್ಗಿನ ಚರಿತ್ರೆಯನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ ಈ ಭಾವನೆ ನಿಲ್ಲತಕ್ಕದ್ದಲ್ಲವೆಂಬುದು ವೇದ್ಯವಾಗದಿರದು. ಸ್ವಂತ ಉಡಾವಣಾ ಕೇಂದ್ರವಿಲ್ಲದ ಈ ದೇಶವು ಆಕಾಶದಲ್ಲಿ ಹೂಡಿದ ಮೊದಲ ಮೂಲಧನ ತನ್ನ ಸಾರ್ವಭೌಮತ್ವವೇ ಎಂಬುದು ಈ ಲೇಖನದ ಪ್ರತಿಪಾದ್ಯ.

ಇದರ ಬೇರುಗಳು ಉಪಗ್ರಹಗಳ ಯುಗಕ್ಕಿಂತ ಹಿಂದಿನವು. ಬ್ರಿಟನ್ನಿನಲ್ಲಿ ಬಾನುಲಿಯು ಬಿ.ಬಿ.ಸಿ.ಯ ಏಕಸ್ವಾಮ್ಯಕ್ಕೆ ಒಳಪಟ್ಟು, ಜಾಹೀರಾತುಗಳಿಗೆ ಅಲ್ಲಿ ಪ್ರವೇಶವೇ ಇಲ್ಲದಿದ್ದ ಕಾಲದಲ್ಲಿ, ಲಕ್ಸೆಂಬರ್ಗ್ ಸರ್ಕಾರವು ತನ್ನ ಪ್ರಸಾರದ ಹಕ್ಕನ್ನು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಿಕೊಟ್ಟಿತು. 1933ರಿಂದ ಯುಂಗ್ಲಿನ್ಸ್ಟರ್ ಗ್ರಾಮದ ದೀರ್ಘತರಂಗ ಪ್ರೇಷಕವು ನೆರೆಯ ದೇಶಗಳ ಮನೆಮನೆಗೂ ಸಂಗೀತವನ್ನೂ ಜಾಹೀರಾತನ್ನೂ ಮುಟ್ಟಿಸತೊಡಗಿತು. ಭೂಮಿ ಕಿರಿದಾದರೇನು, ಅದರ ಮೇಲಿನ ತರಂಗಗಳಿಗೆ ಬೆಲೆಯುಂಟೆಂಬ ಅರಿವು ಆ ರಾಷ್ಟ್ರದ ಆಡಳಿತಕ್ಕೆ ಅಂದೇ ಬಂದಿದ್ದಿತು. ಮುಂದೆ 1970ರ ದಶಕದ ಮಧ್ಯದಲ್ಲಿ ಉಕ್ಕಿನ ಉದ್ಯಮಕ್ಕೆ ಒದಗಿದ ವಿಷಮ ಸ್ಥಿತಿಯಿಂದ ದೇಶದ ಆರ್ಥಿಕ ಜೀವನವೇ ತತ್ತರಿಸಿದಾಗ, ಈ ಅರಿವು ಹೊಸ ರೂಪವನ್ನು ತಾಳಿತು.

ಇಲ್ಲಿ ಉಪಗ್ರಹಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ವ್ಯವಸ್ಥೆಯ ಸ್ವರೂಪವನ್ನು ಕೊಂಚ ವಿಸ್ತಾರವಾಗಿ ತಿಳಿಯುವುದು ಅವಶ್ಯ. ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಪರಿಭ್ರಮಿಸುವ ಉಪಗ್ರಹವು ಭೂಮಿಯ ಆವರ್ತನದೊಡನೆ ಸಮಗತಿಯಲ್ಲಿರುವುದರಿಂದ ನೋಡುವವರಿಗೆ ನಿಶ್ಚಲವಾಗಿ ತೋರುವುದು; ಆದರೆ ತರಂಗಗಳ ಪರಸ್ಪರ ಬಾಧೆಯನ್ನು ತಪ್ಪಿಸಬೇಕಾದುದರಿಂದ ಈ ಕಕ್ಷೆಯಲ್ಲಿ ಸ್ಥಾನಗಳು ಪರಿಮಿತ. ಆ ಸ್ಥಾನಗಳನ್ನು ನೋಂದಾಯಿಸುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮುಂದೆ ಅರ್ಜಿ ಸಲ್ಲಿಸುವ ಅಧಿಕಾರ ರಾಷ್ಟ್ರಗಳದು; ಎಂತಹ ಧನಿಕ ಕಂಪನಿಯೇ ಆಗಲಿ, ಯಾವುದಾದರೊಂದು ರಾಷ್ಟ್ರದ ಮೂಲಕವೇ ಹೋಗಬೇಕು. 1977ರಲ್ಲಿ ಜಿನೀವಾದಲ್ಲಿ ಸೇರಿದ ಸಮ್ಮೇಳನವು ದೂರದರ್ಶನದ ನೇರ ಪ್ರಸಾರಕ್ಕಾಗಿ ಕಕ್ಷಾಸ್ಥಾನಗಳನ್ನು ಹಂಚಿದಾಗ, ಪಶ್ಚಿಮ ರೇಖಾಂಶ 19ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿಗಳೊಡನೆ ಲಕ್ಸೆಂಬರ್ಗಿಗೂ ಐದು ವಾಹಿನಿಗಳು ದೊರೆತವು. ಸೈನ್ಯಬಲದಲ್ಲಾಗಲಿ ಜನಸಂಖ್ಯೆಯಲ್ಲಾಗಲಿ ಹೋಲಿಕೆಯೇ ಇಲ್ಲದ ರಾಷ್ಟ್ರಗಳು ಆ ಪಟ್ಟಿಯಲ್ಲಿ ಸಮಾನರಾಗಿ ನಿಂತುದು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಮಹತ್ವದ ಘಟ್ಟ.

ಈ ಹಕ್ಕನ್ನು ಬಳಸಿಕೊಂಡ ಬಗೆಯಾದರೋ ಇನ್ನೂ ಚಾತುರ್ಯದ್ದು. ಪ್ರಧಾನಮಂತ್ರಿ ಪಿಯೆರ್ ವರ್ನರ್ ಅವರ ಆಡಳಿತದಲ್ಲಿ, ಅಮೆರಿಕದ ಕ್ಲೇ ವೈಟ್‌ಹೆಡ್ ಎಂಬವರು ಮುಂದಿಟ್ಟ ಯೋಜನೆಯೊಂದು, ಫ್ರಾನ್ಸಿನ ತೀವ್ರ ವಿರೋಧದ ನಡುವೆಯೂ, 1985ರ ಮಾರ್ಚ್ ತಿಂಗಳಲ್ಲಿ ಎಸ್.ಇ.ಎಸ್. ಎಂಬ ಉಪಗ್ರಹ ಸಂಸ್ಥೆಯಾಗಿ ಸಾಕಾರಗೊಂಡಿತು; ಸರ್ಕಾರವು ಅದಕ್ಕೆ ಪರವಾನಗಿಯನ್ನೂ ಸಾಲದ ಖಾತರಿಯನ್ನೂ ಕೊಟ್ಟು, ಪಾಲನ್ನೂ ಇರಿಸಿಕೊಂಡಿತು. ಜಿನೀವಾ ಯೋಜನೆಯ ಐದು ವಾಹಿನಿಗಳಿಗೆ ಕಟ್ಟುಬೀಳದೆ, ದೂರಸಂಪರ್ಕಕ್ಕೆಂದು ಮೀಸಲಾದ ತರಂಗಪಟ್ಟಿಯನ್ನೇ ಮಧ್ಯಮ ಶಕ್ತಿಯ ದೂರದರ್ಶನ ಪ್ರಸಾರಕ್ಕೆ ಉಪಯೋಗಿಸಿದುದರಿಂದ, ಒಂದೇ ಉಪಗ್ರಹದಿಂದ 16 ವಾಹಿನಿಗಳು ಸಾಧ್ಯವಾದವು. ಮುಂದೆ ಗ್ರ್ಯಾಂಡ್ ಡ್ಯೂಕ್ ಆದ ಆನ್ರಿಯವರು 1955ರಲ್ಲಿ ಜನಿಸಿದ ಬೆಟ್ಸ್‌ಡೋರ್ಫ್ ಅರಮನೆಯೇ ಸಂಸ್ಥೆಯ ಕಾರ್ಯಾಲಯವಾಯಿತು. ಆ ಆವರಣದಲ್ಲಿ ಭಾರೀ ಆಂಟೆನಾಗಳು ಆಕಾಶಕ್ಕೆ ಮುಖಮಾಡಿ ನಿಂತವು. 1988ರ ಡಿಸೆಂಬರ್ 11ರಂದು ಫ್ರೆಂಚ್ ಗಯಾನಾದ ಕುರುವಿನಿಂದ ಏರಿಯಾನ್ ರಾಕೆಟ್ಟು ಆಸ್ಟ್ರಾ 1ಎ ಉಪಗ್ರಹವನ್ನು ಹೊತ್ತೊಯ್ದಿತು. ಮುಂದಿನ ಫೆಬ್ರವರಿಯಲ್ಲಿಯೇ ಬ್ರಿಟನ್ನಿನ ಸ್ಕೈ ವಾಹಿನಿಗಳು ಅದರ ಮೂಲಕ ಪ್ರಸಾರವನ್ನಾರಂಭಿಸಲು, ಸುಮಾರು 60 ಸೆಂಟಿಮೀಟರಿನ ಡಿಶ್ ಆಂಟೆನಾಗಳು ಮನೆಗಳ ಗೋಡೆಗಳನ್ನೇರಿದವು.

ಇದೇ ಮಾರ್ಗವನ್ನು ಹಿಡಿದ ಇತರರ ಗತಿ ಭಿನ್ನವಾಯಿತು. ಕೊಲಂಬಿಯಾ, ಕೀನ್ಯಾ ಮೊದಲಾದ ಎಂಟು ದೇಶಗಳು 1976ರ ಬೊಗೊಟಾ ಘೋಷಣೆಯಲ್ಲಿ ತಮ್ಮ ನೆಲದ ಮೇಲಣ ಕಕ್ಷಾಭಾಗವು ತಮ್ಮದೇ ಎಂದು ಸಾರಿದರೂ ಲೋಕವು ಅದಕ್ಕೆ ಮನ್ನಣೆ ಕೊಡಲಿಲ್ಲ. ಪೆಸಿಫಿಕ್ ಸಾಗರದ ಟೋಂಗಾ 16 ಸ್ಥಾನಗಳನ್ನು ಕೇಳಿ, ಆಕ್ಷೇಪಗಳ ಬಳಿಕ ಆರಕ್ಕೆ ಇಳಿಯಬೇಕಾಯಿತು. ಹಕ್ಕನ್ನು ಸಾರಿದ ಮಾತ್ರಕ್ಕೆ ಸಾಲದು, ಅದನ್ನು ಆಧರಿಸಿ ಉದ್ಯಮವನ್ನು ಕಟ್ಟುವ ಬಂಡವಾಳವೂ ನುರಿತ ಜನರೂ ಸಮೀಪದ ಮಾರುಕಟ್ಟೆಯೂ ಬೇಕೆಂಬುದಕ್ಕೆ ಇವು ನಿದರ್ಶನ.

ಲಕ್ಸೆಂಬರ್ಗಿನ ಪ್ರಯತ್ನಗಳೆಲ್ಲವೂ ಫಲಿಸಿದುವೆಂದಲ್ಲ. ಕ್ಷುದ್ರಗ್ರಹಗಳ ಖನಿಜಗಳನ್ನು ತೆಗೆಯಹೊರಟ ಪ್ಲಾನೆಟರಿ ರಿಸೋರ್ಸಸ್ ಎಂಬ ಅಮೆರಿಕನ್ ಕಂಪನಿಯಲ್ಲಿ 2016ರಲ್ಲಿ ಹೂಡಿದ 1.2 ಕೋಟಿ ಯೂರೋಗಳ ಪಾಲುಬಂಡವಾಳ, ಎರಡೇ ವರ್ಷಗಳಲ್ಲಿ ಆ ಕಂಪನಿಯು ಪರಾಧೀನವಾದಾಗ ಮುಳುಗಿಹೋಯಿತು. ಆದರೂ ವ್ಯೋಮದ ಸಂಪನ್ಮೂಲಗಳ ಮೇಲೆ ಸ್ವಾಮ್ಯ ಹೊಂದಬಹುದೆಂದು ವಿಧಿಸಿ, 2017ರ ಆಗಸ್ಟ್ 1ರಿಂದ ಜಾರಿಗೆ ಬಂದ ಕಾನೂನು ಉಳಿದುಕೊಂಡಿತು. ಯೂರೋಪಿನಲ್ಲಿ ಅಂತಹ ಕಾನೂನು ಅದೇ ಮೊದಲನೆಯದು. ಯಾವ ರಾಷ್ಟ್ರವೂ ಆಕಾಶಕಾಯಗಳನ್ನು ತನ್ನದೆನ್ನಲಾಗದೆಂಬ 1967ರ ಒಪ್ಪಂದದೊಡನೆ ಈ ಕಾನೂನು ಹೊಂದುವುದೇ ಎಂಬ ವಿವಾದ ಇನ್ನೂ ತೀರಿಲ್ಲ. ಸಮಸ್ತರಿಗೂ ಸೇರಿದ ಸಂಪತ್ತನ್ನು ಮೊದಲು ತಲಪಿದವರ ಪಾಲಿಗೆ ಬಿಡುವ ಈ ವಾದವು ನನಗೆ ಸಮ್ಮತವಾಗಿ ತೋರುವುದಿಲ್ಲ. 1977ರಲ್ಲಿ ಲಕ್ಸೆಂಬರ್ಗನ್ನು ಕಾಪಾಡಿದುದು ಇದಕ್ಕೆ ವಿರುದ್ಧವಾದ ತತ್ತ್ವವೇ ಅಲ್ಲವೆ?

ಸಣ್ಣ ರಾಷ್ಟ್ರಗಳಿಗೆ ವ್ಯಾಪಾರದ ಉದ್ದೇಶವಿಲ್ಲದ ಬೇರೊಂದು ದಾರಿಯೂ ಉಂಟು. ಅದು ಬೆಂಗಳೂರಿನ ಮೂಲಕ ಹಾದುಹೋಗುತ್ತದೆ. ತನ್ನ ನೆಲದ ಚಿತ್ರಗಳನ್ನು ತಾನೇ ತೆಗೆಯಬಯಸಿದ ಭೂತಾನದ ಎಂಜಿನಿಯರುಗಳು ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನಿರ್ಮಾಣವನ್ನೂ ಪರೀಕ್ಷೆಯನ್ನೂ ಅಭ್ಯಸಿಸಿದರು; ಭಾರತ-ಭೂತಾನ್ ಉಪಗ್ರಹವು 2022ರ ನವೆಂಬರ್ 26ರಂದು ಪಿ.ಎಸ್.ಎಲ್.ವಿ. ರಾಕೆಟ್ಟಿನ ಮೂಲಕ ಕಕ್ಷೆಯನ್ನು ಸೇರಿತು. 2019ರಿಂದ ಅದೇ ಕೇಂದ್ರವು ಉನ್ನತಿ ಎಂಬ ಕಾರ್ಯಕ್ರಮದಲ್ಲಿ ಅನೇಕ ದೇಶಗಳ ತರುಣರಿಗೆ ಕಿರು ಉಪಗ್ರಹಗಳ ಜೋಡಣೆಯನ್ನು ಕಲಿಸಿತು. ಹೀಗೆ ಕಲಿತವರ, ಕಲಿಸಿದವರ ನೆನಪುಗಳು ಮಾಸಿಹೋಗುವ ಮುನ್ನವೇ ನಮ್ಮ ವಿಶ್ವವಿದ್ಯಾನಿಲಯಗಳ ಇತಿಹಾಸ ವಿಭಾಗಗಳು ಅವನ್ನು ಸಂಗ್ರಹಿಸಿ, ಕನ್ನಡದಲ್ಲಿ ಪ್ರಕಟಿಸುವ ಕಾರ್ಯವನ್ನು ಕೈಗೊಳ್ಳಬೇಕೆಂದು ವಿದ್ವಜ್ಜನರಲ್ಲಿ ನನ್ನ ಬಿನ್ನಹ.