ಮುದುಡಿದ್ದು, ಕುಸಿದದ್ದು, ಕುಗ್ಗಿಸಿದ್ದು: ಶ್ವಾಸಕೋಶದ ಒಂದು ಪದದ ಬಳಕೆ

ಕುರುಡುಮಲೆಯ ಕಡೆಯಿಂದ ಮುಳಬಾಗಿಲು, ಕೋಲಾರದ ಆಸ್ಪತ್ರೆಗೆ ಹೋದವರ ಎಕ್ಸ್‌ರೇ ವರದಿಯಲ್ಲಿ ‘ಕೊಲ್ಯಾಪ್ಸ್’ ಎಂದಿದ್ದರೆ, ಮನೆಯವರಿಗೆ ಅದು ‘ಶ್ವಾಸಕೋಶ ಕುಸಿದಿದೆ’ ಎಂದು ತಲುಪುತ್ತದೆ. ಈ ಒಂದೇ ಮಾತಿನಡಿ ಮೂರು ಬೇರೆ ಸಂಗತಿಗಳಿವೆ.

ಮೊದಲನೆಯದು ಅಟೆಲೆಕ್ಟಾಸಿಸ್. ಗ್ರೀಕ್ ಮೂಲದಲ್ಲಿ ಇದರರ್ಥ ‘ಪೂರ್ತಿ ಹಿಗ್ಗದಿರುವುದು’. 19ನೆಯ ಶತಮಾನದಲ್ಲಿ ಹಸುಗೂಸಿನ ಅರಳದ ಶ್ವಾಸಕೋಶಕ್ಕೆ ಈ ಹೆಸರು ಬಂತು. ಶ್ವಾಸನಾಳದ ಕವಲಿನಲ್ಲಿ ಕಫವೋ ಗಡ್ಡೆಯೋ ಮಗು ಉಸಿರಿನೊಡನೆ ಒಳಗೆಳೆದುಕೊಂಡ ಕಡಲೆಕಾಯಿ ಬೀಜವೋ ಅಡ್ಡ ನಿಂತರೆ, ಆಚೆ ಉಳಿದ ಗಾಳಿಯನ್ನು ರಕ್ತ ಹೀರಿಕೊಂಡು ಆ ಭಾಗ ಮುದುಡುತ್ತದೆ. ಫಿಲ್ಮಿನಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಹೆಚ್ಚು ಮುದುಡಿದ್ದರೆ ಶ್ವಾಸನಾಳವೂ ಅತ್ತಲೇ ಸರಿದಿರುತ್ತದೆ. ಅಡ್ಡಿ ತೆಗೆಯುವುದೇ ಚಿಕಿತ್ಸೆ.

ನ್ಯೂಮೋಥೊರಾಕ್ಸ್ ಬೇರೆಯೇ. 1803ರಲ್ಲಿ ಇಟಾರ್ ಹೆಸರಿಸಿ, 1819ರಲ್ಲಿ ಲೆನೆಕ್ ವಿವರಿಸಿದ ಈ ಸ್ಥಿತಿಯಲ್ಲಿ ಗಾಳಿ ಶ್ವಾಸಕೋಶದ ಹೊರಗೆ, ಎದೆಗೂಡಿನ ಒಳಗೆ ಸೇರಿರುತ್ತದೆ. ಫಿಲ್ಮಿನಲ್ಲಿ ಆ ಜಾಗ ಕಪ್ಪು. ಒತ್ತಡ ಏರಿದರೆ ಶ್ವಾಸನಾಳ ಎದುರು ಬದಿಗೆ ಸರಿಯುತ್ತದೆ. ಆಗ ಕೂಡಲೇ ಗಾಳಿ ಹೊರಬಿಡದಿದ್ದರೆ ಜೀವಕ್ಕೇ ಅಪಾಯ. ಹೊರಗಿನ ಗಾಳಿಯ ಒತ್ತಿಗೆ ಶ್ವಾಸಕೋಶವೂ ಮುದುಡುವುದರಿಂದ ಪಠ್ಯಗಳು ಅದನ್ನೂ ಒಂದು ಬಗೆಯ ಅಟೆಲೆಕ್ಟಾಸಿಸ್ ಎನ್ನುತ್ತವೆ. ಗೊಂದಲದ ಬೇರು ಇಲ್ಲಿದೆ. ಆದರೂ ಮೊದಲನೆಯದಕ್ಕೆ ‘ಮುದುಡುವಿಕೆ’, ಎರಡನೆಯದಕ್ಕೆ ‘ಎದೆಗೂಡಿನಲ್ಲಿ ಗಾಳಿ ಸೇರಿ ಕುಸಿತ’ ಎಂದು ಬರೆಯುವುದೇ ಸರಿ ಎಂಬುದು ನನ್ನ ನಿಲುವು. ಚಿಕಿತ್ಸೆಯ ದಾರಿಯೇ ಬೇರೆಯಾಗಿರುವಾಗ ಹೆಸರನ್ನು ಒಂದೇ ಇಡಬಾರದು.

ಕೋಲಾರ ಜಿಲ್ಲೆಯಲ್ಲಿ ಇದು ಪುಸ್ತಕದ ಚರ್ಚೆಯಷ್ಟೇ ಅಲ್ಲ. ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ದೇಶದಲ್ಲಿ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ ಎಂದು ವೈದ್ಯಕೀಯ ಪಠ್ಯಗಳು ಹೇಳುತ್ತವೆ. ಕಲ್ಲುಧೂಳು ಕುಡಿದ ಶ್ವಾಸಕೋಶಕ್ಕೆ ಕ್ಷಯ ಬೇಗ ಅಂಟುತ್ತದೆ, ನ್ಯೂಮೋಥೊರಾಕ್ಸ್ ಆಗುವ ಸಂಭವವೂ ಹೆಚ್ಚು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇಂದಿಗೂ ಕಲ್ಲು ಕೆತ್ತುತ್ತಾರೆ. ಕ್ವಾರಿ, ಕ್ರಷರ್ ಕೆಲಸದವರೂ ಜಿಲ್ಲೆಯಲ್ಲಿದ್ದಾರೆ. ಇಂಥವರು ದಮ್ಮು ಕಟ್ಟುತ್ತದೆ ಎಂದು ಬಂದಾಗ ವರದಿಯ ಪದ ಸ್ಪಷ್ಟವಾಗಿರಲೇಬೇಕು.

ಮೂರನೆಯ ಅರ್ಥ ಹಳೆಯದು. ಕ್ಷಯಕ್ಕೆ ಔಷಧವಿಲ್ಲದ ಕಾಲದಲ್ಲಿ ವೈದ್ಯರೇ ಎದೆಗೂಡಿಗೆ ಸೂಜಿಯಿಂದ ಗಾಳಿ ತುಂಬಿ ಶ್ವಾಸಕೋಶವನ್ನು ಕುಗ್ಗಿಸುತ್ತಿದ್ದರು. ರೋಗ ತಗುಲಿದ ಭಾಗಕ್ಕೆ ಬಿಡುವು ಸಿಗಲಿ, ಗೂಡುಬಿದ್ದ ಹುಣ್ಣಿನ ಗೋಡೆಗಳು ಕೂಡಿಕೊಳ್ಳಲಿ ಎಂಬುದು ಲೆಕ್ಕ. 1882ರಲ್ಲಿ ಇಟಲಿಯ ಫೋರ್ಲಾನಿನಿ ಮುಂದಿಟ್ಟ ಈ ಕ್ರಮ, ಮುಳಬಾಗಿಲಿನ ಗಡಿಯಾಚೆ ಮದನಪಲ್ಲಿಯ ಬಳಿ 1915ರಲ್ಲಿ ತೆರೆದ ಆರೋಗ್ಯವರಂ ಸ್ಯಾನಟೋರಿಯಂನಲ್ಲೂ ನಡೆಯುತ್ತಿತ್ತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ, ಮುಂದಿನ ದಶಕದ ಮಾತ್ರೆಗಳೂ ಜೊತೆಗೂಡಿ, ಅದು ಹಿಂದೆ ಸರಿಯಿತು. ಹಾಗಾಗಿ ಆ ಕಾಲದ ಕ್ಷಯ ರೋಗಿಯ ಕೇಸ್ ಶೀಟಿನಲ್ಲಿ ‘ಒಳ್ಳೆಯ ಕೊಲ್ಯಾಪ್ಸ್’ ಎಂಬರ್ಥದ ಮಾತು ಕಂಡರೆ ಅದನ್ನು ರೋಗ ಉಲ್ಬಣಿಸಿತು ಎಂದು ಓದಬಾರದು. ಚಿಕಿತ್ಸೆ ವೈದ್ಯರು ಬಯಸಿದಂತೆ ಸಾಗುತ್ತಿತ್ತು ಎಂದೇ ಅದರ ಅರ್ಥ.