ರಾಂಗ್ ಸೈಡಿನ ಚರಿತ್ರೆ

ಶ್ರೀಗಂಧದ ಕಾವಲಿನಿಂದ ಅಮೆರಿಕಕ್ಕೆ ಹೋದ ಹುಡುಗ್ರು ಮೊದಲ ವಾರ ಹೇಳೋದು ಒಂದೇ: ಇಂಡಿಕೇಟರ್ ಹಾಕೋಕೆ ಹೋದ್ರೆ ವೈಪರ್ ಓಡತ್ತೆ. ನಮ್ಮ ಬಹುಪಾಲು ಮಾರುತಿಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟೀರಿಂಗಿನ ಬಲಕ್ಕೆ, ಅಲ್ಲಿ ಎಡಕ್ಕೆ.

ಈ ಗೋಜಲಿಗೆ ಮೂಲ ಕಾರಲ್ಲ, ಕುದುರೆ. ಹದಿನೆಂಟನೇ ಶತಮಾನದ ಪೆನ್ಸಿಲ್ವೇನಿಯಾದ ಸರಕಿನ ಗಾಡಿಗಳಲ್ಲಿ ಚಾಲಕನಿಗೆ ಸೀಟೇ ಇರ್ತಿರಲಿಲ್ಲ. ಚಾಟಿ ಬಲಗೈಯಲ್ಲಿ ಇರಬೇಕಲ್ಲ, ಅದಕ್ಕೆ ಹಿಂದಿನ ಸಾಲಿನ ಎಡಗುದುರೆ ಮೇಲೆ ಕೂರ್ತಿದ್ದ. ಎದುರು ಬರೋ ಗಾಡಿಯ ಚಕ್ರ ತಾಗದ ಹಾಗೆ ನೋಡ್ಕೊಳ್ಳಬೇಕಾದ್ರೆ ಅದು ತನ್ನ ಎಡಕ್ಕೇ ಹಾದುಹೋಗಬೇಕು, ಅಂದ್ರೆ ತಾನು ಬಲಕ್ಕೆ ಸರೀಬೇಕು. ಸಾಮಾನ್ಯವಾಗಿ ಕೊಡೋ ವಿವರಣೆ ಇದು. 1792ರಲ್ಲಿ ಲ್ಯಾಂಕಾಸ್ಟರ್ ಸುಂಕದ ರಸ್ತೆಗೆ ಈ ನಿಯಮ ಕಾನೂನಾಯ್ತು. (ನಮ್ಮ ಸುಂಕದಕಟ್ಟೆ ನೆನಪಾಯ್ತಾ?) ಎತ್ತಿನಗಾಡಿಯವನು ನಡುವೆ ಕೂರ್ತಾನೆ, ಅವನಿಗೆ ಎರಡೂ ಕಡೆ ಒಂದೇ. ನಮಗೆ ಎಡಬದಿ ಬಂದದ್ದು ಬ್ರಿಟಿಷರಿಂದ. ಅವರ ಹೆದ್ದಾರಿ ಕಾಯ್ದೆ 1835ರದು. 1908ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರಿಗೆ ಸ್ಟೀರಿಂಗನ್ನ ಎಡಕ್ಕಿಟ್ಟ ಮೇಲಂತೂ ಅಮೆರಿಕದ ಪದ್ಧತಿ ಗಟ್ಟಿಯಾಯ್ತು.

ನಮ್ಮ ಪಕ್ಕದ್ದೇ ಒಂದು ಕಥೆ ಇದೆ. 1928ರಲ್ಲಿ ಪೋರ್ಚುಗಲ್ ಎಡದಿಂದ ಬಲಕ್ಕೆ ಬದಲಾಯ್ತು, ಅದರ ಕೈಲಿದ್ದ ಗೋವಾ ಮಾತ್ರ ಎಡದಲ್ಲೇ ಉಳೀತು. ಸುತ್ತಲೂ ಎಡಬದಿಯವರೇ ಇದ್ದರಲ್ಲ. ಇಲ್ಲದಿದ್ರೆ ಕಾರವಾರ ದಾಟಿದ ಕೂಡಲೇ ಡ್ರೈವರುಗಳು ಬದಿ ಬದಲಿಸಬೇಕಿತ್ತು!

ಇಡೀ ದೇಶವೇ ಹಾಗೆ ಬದಲಿಸಿದ್ದು ಸ್ವೀಡನ್. 1955ರ ಜನಮತಗಣನೆಯಲ್ಲಿ ಸುಮಾರು ಶೇ. 83 ಮಂದಿ ಬೇಡ ಅಂದಿದ್ರು. ಆದರೂ 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ರಸ್ತೆಯಲ್ಲಿದ್ದ ವಾಹನಗಳೆಲ್ಲ ನಿಂತು, ಮೆಲ್ಲಗೆ ಆಚೆ ಬದಿಗೆ ಸರಿದು, 5 ಗಂಟೆಗೆ ಬಲಗಡೆ ಹೊರಟವು. ಅಪಘಾತ ಹೆಚ್ಚಾಗತ್ತೆ ಅಂತ ಹೆದರಿದ್ರೆ, ಶುರುವಲ್ಲಿ ಕಡಿಮೆಯೇ ಆದವು. ಎಲ್ಲರೂ ಭಯದಲ್ಲೇ ಓಡಿಸ್ತಿದ್ರು. ಎರಡು ವರ್ಷದೊಳಗೆ ಹಳೇ ಲೆಕ್ಕಕ್ಕೇ ಬಂತು.

ಹೊಸಬರ ವಿಷಯದಲ್ಲೂ ನನ್ನ ಭಯ ಮೊದಲ ವಾರದ್ದಲ್ಲ. ಕೈ ಪಳಗಿತು ಅಂದ್ಕೊಂಡ ಮೇಲೆ, ಮುಂದೆ ಹಿಂಬಾಲಿಸೋಕೆ ಒಂದು ಕಾರೂ ಇಲ್ಲದ ಖಾಲಿ ರಸ್ತೆಗೆ ಪೆಟ್ರೋಲ್ ಬಂಕಿನಿಂದ ಹೊರಬರೋ ಕ್ಷಣದ್ದು. ರಜಕ್ಕೆ ಊರಿಗೆ ಬಂದು ಮಾಗಡಿ ರಸ್ತೆಗೆ ಇಳಿಯೋವಾಗಲೂ ಅಷ್ಟೇ.

ಕಾಗದಪತ್ರ ಸುಲಭ: ಆರ್‌ಟಿಓ ಕೊಡೋ ಅಂತರರಾಷ್ಟ್ರೀಯ ಪರ್ಮಿಟ್ ಒಂದು ವರ್ಷಕ್ಕೆ. ಆದ್ರೆ ಜರ್ಮನಿಯಲ್ಲಿ ನೆಲೆಸಿದವರಿಗೆ ನಮ್ಮ ಲೈಸೆನ್ಸ್ ನಡೆಯೋದು ಸಾಮಾನ್ಯವಾಗಿ ಆರೇ ತಿಂಗಳು. ಆಮೇಲೆ ಹತ್ತು ವರ್ಷ ಓಡಿಸಿದವರೂ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಅಲ್ಲಿ ಬೋರ್ಡಿಲ್ಲದ ಸಣ್ಣ ಕ್ರಾಸಿನಲ್ಲಿ ಬಲಗಡೆಯಿಂದ ಬಂದವರಿಗೆ ಮೊದಲು ದಾರಿ. ಸುಂಕದಕಟ್ಟೆಯಲ್ಲಿ ಮೂತಿ ಮೊದಲು ತೂರಿಸಿದವರಿಗೆ.