ರಾಯಚೂರಿನ ಮುತ್ತಿಗೆಯಲ್ಲಿ ವಿಜಯನಗರದ ಕಾಲಾಳು

ವಿಜಯನಗರದ ಸೈನ್ಯವನ್ನು ಕುರಿತ ಬರವಣಿಗೆಯಲ್ಲಿ ಆನೆ ಕುದುರೆಗಳಿಗೆ ದೊರೆತ ಗಮನ ಕಾಲಾಳುಗಳಿಗೆ, ಎಂದರೆ ನೆಲದ ಮೇಲೆ ನಿಂತು ಕಾದುವ ಪದಾತಿಗಳಿಗೆ, ದೊರೆತದ್ದು ಕಡಿಮೆ. ಹಂಪಿಯ ಹಜಾರರಾಮ ದೇವಾಲಯದ ಹೊರಪ್ರಾಕಾರದಲ್ಲಿ ಸಾಲುಸಾಲಾಗಿ ಕೊರೆದಿರುವ ಮೆರವಣಿಗೆಯಲ್ಲಿ ಅವರಿದ್ದಾರೆ. ಮಹಾನವಮಿಯ ಬಳಿಕ ರಾಯನು ನಗರದ ಹೊರಗೆ ಡೇರೆ ಹಾಕಿಸಿ ದಂಡಿನ ತಪಾಸಣೆ ಮಾಡುತ್ತಿದ್ದಾಗ ಬಯಲಲ್ಲೂ ಗುಡ್ಡಗಳ ಮೇಲೂ ಅವರು ಕಿಕ್ಕಿರಿದು ನಿಲ್ಲುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬೆರಗಿನಿಂದ ಬರೆದಿದ್ದಾನೆ. ಆದರೆ ಹಬ್ಬದ ಕವಾಯತು ಕಾಲಾಳಿನ ನಿತ್ಯದ ಬದುಕಲ್ಲ. ಆ ಬದುಕಿನ ಒಂದಿಷ್ಟು ವಿವರ ಸಿಗುವುದು 1520ರಲ್ಲಿ ಕೃಷ್ಣದೇವರಾಯನು ರಾಯಚೂರಿಗೆ ಹಾಕಿದ ಮುತ್ತಿಗೆಯನ್ನು ಕುರಿತು ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದ ವೃತ್ತಾಂತದಲ್ಲಿ. ಆತ ಬರೆದದ್ದು ಮುತ್ತಿಗೆಯಾಗಿ ಹದಿನೈದು ವರ್ಷಗಳಾದ ಮೇಲೆ, ಅದೂ ಬಹುಮಟ್ಟಿಗೆ ಬೇರೆಯವರು ಹೇಳಿದ್ದನ್ನು ಕೇಳಿ. ಆದ್ದರಿಂದ ಅವನ ಅಂಕಿಗಳನ್ನು ಎಚ್ಚರದಿಂದ ಓದಬೇಕು, ಆದರೂ ಪಾಳೆಯದ ಸಣ್ಣಪುಟ್ಟ ಸಂಗತಿಗಳಲ್ಲಿ ಅವನಷ್ಟು ಕೊಡುವ ಇನ್ನೊಬ್ಬ ಲೇಖಕನಿಲ್ಲ.

ತುಂಗಭದ್ರೆಯ ದಂಡೆಗೆ ಮುತ್ತಿಗೆ ಹೊಸದಲ್ಲ. ಸುಮಾರು 1327ರಲ್ಲಿ ದೆಹಲಿಯ ತುಘಲಕ್ ಸೇನೆ ಕಂಪ್ಲಿಯ ಅರಸ ಕಂಪಿಲರಾಯನನ್ನು ಕುಮ್ಮಟದುರ್ಗದಿಂದ ಹೊಸಮಲೆದುರ್ಗಕ್ಕೆ ಅಟ್ಟಿ ಮುಗಿಸಿದಾಗ ಕಂಪ್ಲಿಯ ಸೀಮೆಯ ಕಾಲಾಳು ಕೋಟೆಯ ಒಳಗಿದ್ದ; ಇನ್ನೂರು ವರ್ಷಗಳ ನಂತರ ಅದೇ ಸೀಮೆಯ ಕಾಲಾಳು ಕೋಟೆಯ ಹೊರಗಿದ್ದ, ಮತ್ತು ಅಷ್ಟರಲ್ಲಿ ಫಿರಂಗಿ ಬಂದಿತ್ತು. ಈ ಪದಾತಿಗಳಲ್ಲಿ ಹೆಚ್ಚಿನವರನ್ನು ದಂಡಿಗೆ ತರುತ್ತಿದ್ದವರು ಅಮರನಾಯಕರು, ಅಂದರೆ ಇಷ್ಟು ಕಾಲಾಳು, ಇಷ್ಟು ಕುದುರೆ, ಇಷ್ಟು ಆನೆ ಸಾಕಿ ಒದಗಿಸಬೇಕೆಂಬ ಕರಾರಿನ ಮೇಲೆ ರಾಯನಿಂದ ಸೀಮೆಯನ್ನು ಪಡೆದವರು. ಹೀಗಾಗಿ ಸಾಮಾನ್ಯ ಸೈನಿಕನಿಗೆ ದಂಡು ಎಂದರೆ ಮೊದಲು ತನ್ನ ನಾಯಕನ ಪಡೆ, ರಾಯನ ಸೈನ್ಯ ಎಂಬುದು ಅದರಾಚೆಯ ಮಾತು. 1443ರಲ್ಲಿ ಬಂದಿದ್ದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ ಸಲ್ಲುತ್ತಿತ್ತೆಂದು ಬರೆದಿದ್ದಾನೆ.

ನೂನಿಜ್ ಕೊಡುವ ಲೆಕ್ಕವನ್ನು ಕೂಡಿದರೆ ರಾಯಚೂರಿಗೆ ಹೊರಟವರು ಏಳು ಲಕ್ಷ ಕಾಲಾಳುಗಳಾಗುತ್ತಾರೆ. ಅಷ್ಟು ಜನರಿಗೆ ಬೇಸಿಗೆಯಲ್ಲಿ, ಕೃಷ್ಣೆ ತುಂಗಭದ್ರೆಗಳ ನಡುವಿನ ದೋಆಬಿನಲ್ಲಿ, ನೀರೊದಗಿಸುವುದು ಎಣಿಕೆಗೂ ನಿಲುಕದ ಮಾತಾದ್ದರಿಂದ ಇದರಲ್ಲಿ ದೊಡ್ಡ ಪಾಲು ಉತ್ಪ್ರೇಕ್ಷೆಯೆಂದೇ ತಿಳಿಯಬೇಕು. ನಂಬಬಹುದಾದದ್ದು ವ್ಯವಸ್ಥೆ. ಮುಖ್ಯ ದಂಡಿಗಿಂತ ಕೆಲವು ಹರದಾರಿ ಮುಂದೆ ಬೇಹಿನ ಪಡೆ ದಾರಿ ನೋಡುತ್ತ ಸಾಗುತ್ತಿತ್ತು. ತೊಗಲಿನ ಚೀಲಗಳಲ್ಲಿ ನೀರು ಹೊತ್ತ ಹತ್ತು ಹನ್ನೆರಡು ಸಾವಿರ ಮಂದಿ ದಾರಿಯುದ್ದಕ್ಕೂ ನಿಂತು, ನೀರು ತಂದುಕೊಡುವವರಿಲ್ಲದ ಸೈನಿಕರಿಗೆ ಕುಡಿಯಲು ಕೊಡುತ್ತಿದ್ದರು. ಮಡಿವಾಳರೂ ಸೂಳೆಯರೂ ಜೊತೆಗಿದ್ದರು. ಹೊಳೆ ದಾಟುವ ಬಗೆಯನ್ನು ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಕಂಡಿದ್ದ: ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡನೆಯ ಹರಿಗೋಲು, ಒಂದರಲ್ಲಿ ಹದಿನೈದು ಇಪ್ಪತ್ತು ಜನ; ದನ ಕುದುರೆಗಳು ಸಾಮಾನ್ಯವಾಗಿ ಈಜಿಯೇ ದಾಟುತ್ತಿದ್ದವು.

ರಾಯಚೂರಿನ ಹತ್ತಿರದ ಮಲಿಯಾಬಾದಿನಲ್ಲಿ ದಂಡು ತಂಗಿ, ಮುಂದೆ ಸರಿದು ಕೋಟೆಯನ್ನು ಸುತ್ತುವರಿದ ಮೇಲೆ ಪಾಳೆಯ ಒಂದು ಊರಾಗಿ ನಿಂತಿತು. ರಾಯನ ಡೇರೆಗೆ ಮುಳ್ಳಿನ ಬೇಲಿ, ಬೇಲಿಗೆ ಒಂದೇ ಬಾಗಿಲು, ಬಾಗಿಲಿಗೆ ಕಾವಲು. ಅದರಾಚೆ ನೇರವಾದ ಬೀದಿಗಳು, ಒಬ್ಬೊಬ್ಬ ನಾಯಕನ ಪಡೆಗೂ ಅದರದೇ ಸಂತೆ. ಕುರಿ, ಮೇಕೆ, ಹಂದಿ, ಕೋಳಿ, ಮೊಲ, ಕೌಜುಗ, ಬಗೆಬಗೆಯ ಅಕ್ಕಿ ಮತ್ತು ಕಾಳುಗಳೆಲ್ಲ ಅಲ್ಲಿ ಸಿಗುತ್ತಿದ್ದವು. ಅಕ್ಕಸಾಲಿಗರು ಬೀದಿಯಲ್ಲೇ ಕುಳಿತು ಒಡವೆ ಮಾಡುತ್ತಿದ್ದರು. ಅರಿಯದವನು ಇದನ್ನು ಯುದ್ಧವೆಂದು ಎಣಿಸದೆ ಸಂಪನ್ನ ನಗರವೆಂದೇ ತಿಳಿದಾನೆಂಬ ಅರ್ಥದಲ್ಲಿ ನೂನಿಜ್ ಬರೆಯುತ್ತಾನೆ. ಅವನಿಗೆ ಎಲ್ಲಕ್ಕಿಂತ ಸೋಜಿಗವಾದದ್ದು ಹುಲ್ಲು: ಆ ಬರಡು ನೆಲದಲ್ಲಿ ಸಾವಿರಾರು ಕುದುರೆಗಳಿಗೂ ಐನೂರು ಮೀರಿದ ಆನೆಗಳಿಗೂ ಎತ್ತುಗಳಿಗೂ ದಿನದಿನದ ಮೇವು ಎಲ್ಲಿಂದ ಬರುತ್ತಿತ್ತೆಂಬುದು. ಕುದುರೆ ಮಾರುವವನಿಗೆ ಸಹಜವಾದ ಚಿಂತೆ ಇದು. ಕಾಲಾಳಿನ ದೃಷ್ಟಿಯಿಂದ ನೋಡಿದರೆ ಸಂತೆಯಿತ್ತೆಂಬುದರ ಅರ್ಥ, ಅವನು ಬಹುಪಾಲು ತನ್ನ ಸಂಬಳದಿಂದಲೇ ಕೊಂಡು ಉಣ್ಣಬೇಕಾಗಿತ್ತೆಂಬುದು. ಪಾಳೆಯದಲ್ಲಿ ಧಾನ್ಯ ತುಂಬಿದ್ದರೂ ಕೈಯಲ್ಲಿ ಕಾಸಿಲ್ಲದವನಿಗೆ ಅದರಿಂದ ಆಗುವುದೇನೂ ಇರಲಿಲ್ಲ.

ಕೋಟೆಯ ಬುಡದಲ್ಲಿ ಅವನಿಗೆ ಕೈಕಾಸು ಸಿಗುತ್ತಿದ್ದ ಬಗೆಯೂ ಇದಕ್ಕೆ ಹೊಂದಿಕೊಂಡಿತ್ತು. ರಾಯಚೂರಿನ ಗೋಡೆಗಳು ಗಾರೆಯಿಲ್ಲದೆ ಜೋಡಿಸಿದ ಭಾರಿ ಕಲ್ಲಿನವು, ಒಳಗೆ ಮಣ್ಣು ತುಂಬಿದವು. ಅವುಗಳ ಮೇಲೆ ಇನ್ನೂರು ದೊಡ್ಡ ತೋಪುಗಳಿದ್ದವೆಂದು ನೂನಿಜ್ ಹೇಳುತ್ತಾನೆ. ಗೋಡೆಯನ್ನು ದೂರದಿಂದ ಒಡೆಯುವ ಸಾಧನ ರಾಯನ ಬಳಿ ಸಾಲದಿದ್ದುದರಿಂದ ಕಾಲಾಳುಗಳು ಹಾರೆ ಗುದ್ದಲಿ ಹಿಡಿದು ಬುಡಕ್ಕೆ ನುಗ್ಗಿ ಕಲ್ಲು ಮೀಟಬೇಕಾಯಿತು. ಸಂಡೂರು, ಹೊಸಪೇಟೆಯ ಬೆಟ್ಟಗಳ ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವ ಕಸುಬು ಬ್ರಿಟಿಷರ ಕಾಲದವರೆಗೂ ಉಳಿದಿದ್ದ ಸೀಮೆಯಿಂದ ಬಂದವರಿಗೆ ಹಾರೆ ಅಪರಿಚಿತ ಆಯುಧವೇನಲ್ಲ, ಆದರೆ ಮೇಲಿನಿಂದ ಗುಂಡು, ಬಾಣ, ಕಲ್ಲು ಸುರಿಯುವಾಗ ಅದನ್ನು ಬಳಸುವುದು ಬೇರೆಯೇ ಕೆಲಸ. ಜನ ಹಿಂಜರಿದಾಗ ನಾಯಕರು ಗೋಡೆಯಿಂದ ಕಿತ್ತುತಂದ ಕಲ್ಲುಗಳನ್ನೇ ಕೊಳ್ಳತೊಡಗಿದರು: ಕಲ್ಲಿನ ಮೇಲೆ, ಅದನ್ನು ಕೀಳುವಲ್ಲಿನ ಅಪಾಯದ ಮೇಲೆ, ಹತ್ತರಿಂದ ಐವತ್ತು ಹಣದವರೆಗೆ ಬೆಲೆ. ಹಣವೆಂದರೆ ಆಗ ಚಲಾವಣೆಯಲ್ಲಿದ್ದ, ವರಹದ ಹತ್ತನೆಯ ಒಂದು ಪಾಲಿನಷ್ಟು ಬೆಲೆಯ ಸಣ್ಣ ಚಿನ್ನದ ನಾಣ್ಯ. ಶೌರ್ಯವೆಂದು ಶಾಸನಗಳು ಹೊಗಳುವ ಗುಣವನ್ನು ಪಾಳೆಯದ ನಾಯಕರು ಹೀಗೆ ಕಲ್ಲಿನ ಲೆಕ್ಕದಲ್ಲಿ ಕೊಂಡರು, ಮತ್ತು ಅದರಲ್ಲಿ ಅವಮಾನವೇನನ್ನೂ ಅವರು ಕಂಡಂತಿಲ್ಲ.

ಇಷ್ಟರಲ್ಲಿ ಕೋಟೆಯ ಒಡೆಯನಾದ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆಯನ್ನು ದಾಟಿ, ನದಿಯನ್ನು ಬೆನ್ನಿಗಿಟ್ಟುಕೊಂಡು ಕಂದಕ ತೋಡಿ ಬೀಡುಬಿಟ್ಟ. ಅಗೆದ ಮಣ್ಣಿನ ಮರೆಯಲ್ಲಿ ತೋಪುಗಳನ್ನಿಟ್ಟು ಕಾಯುವ ಈ ಪದ್ಧತಿಗೆ ವಿಜಯನಗರದ ಕಾಲಾಳು ಒಗ್ಗಿರಲಿಲ್ಲ. ಅವನ ರಕ್ಷಣೆಯೆಲ್ಲ ಮೈಮೇಲೆಯೇ ಇತ್ತು: ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ, ಇಲ್ಲವೆ ಮೈಯನ್ನೆಲ್ಲ ಮುಚ್ಚುವಷ್ಟು ದೊಡ್ಡ ಗುರಾಣಿ. ಎರಡೂ ಬಾಣ ತಡೆಯುತ್ತಿದ್ದವು, ತೋಪಿನ ಗುಂಡನ್ನಲ್ಲ. ಮೇ 19ರಂದು ಎಂದು ಇತಿಹಾಸಕಾರರು ಗೊತ್ತುಮಾಡಿರುವ ಕಾಳಗದಲ್ಲಿ ಬಿಜಾಪುರದ ತೋಪುಗಳು ಒಟ್ಟಿಗೆ ಹಾರಿದಾಗ ಬಯಲಲ್ಲಿ ಒತ್ತೊತ್ತಾಗಿ ನಿಂತಿದ್ದ ಮುಂಚೂಣಿ ಮುರಿದು ಹಿಂದಕ್ಕೋಡಿತು. ರಾಯನು ತಾನೇ ಕುದುರೆಯೇರಿ ಉಳಿದ ಪಡೆಗಳನ್ನು ನುಗ್ಗಿಸಿದ ಮೇಲೆಯೇ ಶತ್ರುಸೇನೆ ಹೊಳೆಗೆ ಬಿದ್ದದ್ದು. ಗೆದ್ದ ಪಕ್ಷದಲ್ಲೇ ಹದಿನಾರು ಸಾವಿರಕ್ಕೂ ಮಿಕ್ಕಿ ಸತ್ತರೆಂದೂ ರಾಯನು ಅವರ ದಹನ ಮಾಡಿಸಿದನೆಂದೂ ನೂನಿಜ್ ಬರೆಯುತ್ತಾನೆ.

ಬಳಿಕ ಮುತ್ತಿಗೆ ಮುಂದುವರಿದಾಗ, ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವ್ ದೆ ಫಿಗೆರೇದೊ ಇಪ್ಪತ್ತು ಮಂದಿ ಪೋರ್ಚುಗೀಸ್ ಕೋವಿಗಾರರೊಡನೆ ಸೇರಿಕೊಂಡ. ಗೋಡೆಯ ಮೇಲೆ ತಲೆಯೆತ್ತಿದವರನ್ನು ಅವರು ಹೊಡೆದುರುಳಿಸುತ್ತಿದ್ದಂತೆ ಮೇಲಿನ ಏಟು ತಗ್ಗಿ, ಹಾರೆಯವರ ಕೆಲಸ ಸುಲಭವಾಯಿತು. ಕೋಟೆಯ ಅಧಿಕಾರಿ ಹಣೆಗೆ ಗುಂಡು ತಗುಲಿ ಸತ್ತ ಮೇಲೆ ಒಳಗಿನವರು ಶರಣಾದರು.

ಕಾಳಗದಲ್ಲಿ ನಾಲ್ಕು ನೂರು ದೊಡ್ಡ ತೋಪುಗಳು ರಾಯನ ಕೈಸೇರಿದ್ದವು. ಗೆದ್ದ ವಿಜಯನಗರ ಫಿರಂಗಿಯ ವಿಷಯದಲ್ಲಿ ನಿಶ್ಚಿಂತವಾಗಿಯೇ ಉಳಿಯಿತು, ಸೋತ ಬಿಜಾಪುರ ಪಾಠ ಕಲಿಯಿತು ಎಂದು ಇತಿಹಾಸಕಾರ ರಿಚರ್ಡ್ ಈಟನ್ ವಾದಿಸಿದ್ದಾರೆ. 1565ರ ಜನವರಿಯಲ್ಲಿ ಕೃಷ್ಣೆಯ ದಕ್ಷಿಣಕ್ಕೆ ದಖ್ಖನಿನ ಸುಲ್ತಾನರ ಕೂಟದೊಡನೆ ನಡೆದ ಯುದ್ಧದಲ್ಲಿ ವಿಜಯನಗರದ ಪಡೆ ಮತ್ತೆ ತೋಪಿನ ಸಾಲಿಗೆದುರಾಗಿ ನುಗ್ಗಿತು. ಅಹಮದ್‌ನಗರದ ತೋಪುಗಾರರು ಬಾಯಿಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ತೀರ ಹತ್ತಿರದಿಂದ ಹಾರಿಸಿದರೆಂದು ಚರಿತ್ರಕಾರ ಫೆರಿಶ್ತಾ ದಾಖಲಿಸಿದ್ದಾನೆ.